ಆನೆ ಸುದ್ದಿಯ ಫೋನು

ಮಗ್ಗೆ
೨೪ ನವೆಂಬರ್ ೨೦೦೮, ಸೋಮವಾರ

ಸಾಲೇಹಾ,

ವಿಷಯ ಇಷ್ಟು. ಆನೆ ಸುದ್ದಿಯ ಫೋನು ನನ್ನ ಅಡುಗೆಮನೆಯ ಕಿಟಕಿಯಲ್ಲಿದೆ. ಲೈಬ್ರರಿಯಲ್ಲಾಗಲಿ, ಅದರ ಹಿಂದಿನ ಈ ಮನೆಯಲ್ಲಾಗಲಿ, ಸಿಗ್ನಲ್ ನಿಲ್ಲುವ ಜಾಗ ಅದೊಂದೇ. ಕಾಡಂಚಿನಲ್ಲಿ ಬೆಳಗಿನ ಸುತ್ತು ಹಾಕುವ ಕಾವಲುಗಾರ ವೀರಯ್ಯ ಆನೆ ಕಂಡ ದಿನ ಆ ಫೋನಿಗೆ ಮೆಸೇಜ್ ಕಳಿಸುತ್ತಾನೆ. ‘ಆನೆ’ ಎಂದು ಶುರುವಾಗುವ ಯಾವ ಮೆಸೇಜ್ ಬಂದರೂ, ನೀನು ಎರಡು ವರ್ಷದ ಹಿಂದೆ ಹಾಕಿಕೊಟ್ಟ ಸಾಫ್ಟ್‌ವೇರ್ ಅದನ್ನು ಹಿಡಿದು, ತೋಟದವರು, ಮೇಸ್ತ್ರಿಗಳು, ಗದ್ದೆಯವರು ಸೇರಿ ಮೂವತ್ತಾರು ಜನರಿಗೆ ತಾನೇ ಕಳಿಸುತ್ತದೆ. ಕಳಿಸಿದ ಮೇಲೆ ಸುಮ್ಮನಾಗಬೇಕು. ಹದಿನೈದು ದಿನದಿಂದ ಅದು ಸುಮ್ಮನಾಗುತ್ತಿಲ್ಲ.

ಕಳೆದ ಗುರುವಾರ ಬೆಳಿಗ್ಗೆ ಕರೇಹಳ್ಳದ ಹತ್ತಿರ ಎರಡು ಆನೆ ಇದ್ದದ್ದು ನಿಜ. ಅದೇ ಸುದ್ದಿ ಮಧ್ಯಾಹ್ನ ಒಂದು ಗಂಟೆಗೆ ಮತ್ತೆ ಹೋಯಿತು. ಶುಕ್ರವಾರ ಎರಡು ಸಲ ಹೋಯಿತು. ಶನಿವಾರ, ಆ ಆನೆಗಳು ದಾಟಿ ಹೋಗಿವೆ ಎಂದು ಎಲ್ಲರಿಗೂ ಗೊತ್ತಾದ ಮೇಲೆ, ಇನ್ನೊಂದು ಸಲ. ಪ್ರತಿಸಲವೂ ಕಾಫಿ ಕುಯ್ಯುವವರು ಬುಟ್ಟಿ ಬಿಟ್ಟು ಕೂಲಿ ಲೈನಿನ ಮನೆಗಳಿಗೆ ಓಡುತ್ತಾರೆ. ನಂಜುಂಡ ಮೇಸ್ತ್ರಿ ನಿನ್ನೆ ಲೈಬ್ರರಿಯ ಬಾಗಿಲಲ್ಲಿ ನಿಂತು, “ಅವ್ವಾರೇ, ಕಾಡಲ್ಲಿರೋ ಆನೆಗಿಂತ ನಿಮ್ ಫೋನಲ್ಲಿರೋ ಆನೆನೇ ಜಾಸ್ತಿ ಓಡಾಡ್ತಾವೆ ಕಣ್ರೀ” ಎಂದ. ಪೇಪರ್ ಓದುತ್ತಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಇನ್ನು ನಾಲ್ಕು ದಿನ ಹೀಗೇ ಆದರೆ ನಿಜವಾದ ಸುದ್ದಿ ಬಂದಾಗಲೂ ಅವರು ಓಡುವುದಿಲ್ಲ.

ಅದನ್ನು ತೆಗೆದುಹಾಕಬೇಕು. ಮುಂದೆ ಸುದ್ದಿ ಬಂದರೆ ನಾನೇ ಕೈಯಾರೆ ಎಲ್ಲರಿಗೂ ಕಳಿಸುತ್ತೇನೆ. ಕುಯ್ಲು ಶುರುವಾಗಿರುವುದರಿಂದ ಫೋನನ್ನು ಸಕಲೇಶಪುರಕ್ಕೆ, ನಿನ್ನ ಮೊಬೈಲ್ ಅಂಗಡಿಗೆ ತರಲು ಆಗುವುದಿಲ್ಲ, ಒಂದು ಬೆಳಗೂ ಅದು ಕಿಟಕಿ ಬಿಟ್ಟಿರಬಾರದು. ಏನು ಮಾಡಬೇಕೆಂದು ಬರೆದು ಕಳಿಸು. ನೀನು ಬಾಯಲ್ಲಿ ಹೇಳಿದರೆ ಅರ್ಧ ನುಂಗುತ್ತೀಯ, ಚಿಕ್ಕವಳಿದ್ದಾಗಿನಿಂದ.

ಇಂದ್ರಮ್ಮ


ಮಗ್ಗೆ
೨೭ ನವೆಂಬರ್ ೨೦೦೮

ಸಾಲೇಹಾ,

ಬರೆದು ಕಳಿಸು ಎಂದರೆ ಕಾಗದದಲ್ಲಿ ಎಂದರ್ಥ.

ನೀನು ನಿನ್ನೆ ಬೆಳಿಗ್ಗೆ ಹತ್ತೂಕಾಲಿಗೆ ಆ ಫೋನಿಗೆ ಕಳಿಸಿದ ಮೆಸೇಜ್ “ಆನೆ ಸಾಫ್ಟ್‌ವೇರ್ ತೆಗೆಯೋದಕ್ಕೆ ಮೊದಲು” ಎಂದು ಶುರುವಾಗಿತ್ತು. ಯಾವ ಪದದಿಂದ ಶುರುವಾಯಿತು ಎಂಬುದನ್ನು ಗಮನಿಸು. ಮೂವತ್ತಾರು ಜನರಿಗೂ ಹೋಯಿತು. ಮೊದಲ ಪದದ ಆಚೆ ಓದಿದವರು ಇಬ್ಬರೋ ಮೂವರೋ. ಮೂರು ತೋಟದಲ್ಲಿ ಅರ್ಧ ದಿನ ಕುಯ್ಲು ನಿಂತಿತು. ಗದ್ದೆಯವರು ತಮಟೆ ತಂದರು, ಪಟಾಕಿ ಹೊಡೆದರು. ಪಟಾಕಿ ಸದ್ದು ಕೇಳಿದವರು, ಆನೆ ಇರುವುದು ಖಂಡಿತ ಎಂದುಕೊಂಡು ತಾವೂ ಹೊಡೆದರು. ಸಾಯಂಕಾಲ ಪ್ರತಾಪ್ ಬಂದಿದ್ದರು. ಈ ಏರ್ಪಾಡಿಗೆಲ್ಲ ಅವರೇ ಕಾರ್ಯದರ್ಶಿ ಎಂಬುದು ನಿನಗೆ ಗೊತ್ತು. “ಮೇಡಂ, ಆನೆಗೆ ಸಾಫ್ಟ್‌ವೇರ್ ತೆಗೀತಾವ್ರಂತೆ, ಕೊಂಬಲ್ಲಿ ಇತ್ತಾ ಸೊಂಡಿಲಲ್ಲಿ ಇತ್ತಾ?” ಎಂದು ಕೇಳಿ ಹೋದರು.

ಖಲಂದರ್‌ನ ಜೀಪು ದಿನಾ ಈ ದಾರಿಯಲ್ಲೇ ಬರುತ್ತದೆ. ಗಂಡನ ಕೈಯಲ್ಲೇ ಕಾಗದ ಕೊಟ್ಟು ಕಳಿಸು. ಹಂತ ಹಂತವಾಗಿ ಬರೆ.

ಇಂದ್ರಮ್ಮ


ಸಕಲೇಶಪುರ
೩೦ ನವೆಂಬರ್ ೨೦೦೮

ಇಂದ್ರಕ್ಕನಿಗೆ ಸಾಲೇಹಾಳ ಸಲಾಮು.

ತಪ್ಪಾಯಿತು ಅಕ್ಕ. ಗಿರಾಕಿಗಳ ನಡುವೆ ಒತ್ತಿಬಿಟ್ಟೆ. ಇವರು ನಿಮ್ಮ ಕಾಗದ ಓದಿ ಜೀಪಿನ ಸ್ಟಿಯರಿಂಗಿಗೆ ತಲೆ ಕೊಟ್ಟು ನಕ್ಕರು. ಹಾನುಬಾಳಿನವರೆಗೂ ಸುದ್ದಿ ಹೋಗಿದೆಯಂತೆ.

ನಾನು ಬಾಯಲ್ಲಿ ಹೇಳಿದರೆ ನುಂಗುತ್ತೇನೆ ಎಂದಿರಿ. ಲೈಬ್ರರಿಯಲ್ಲಿ ಮಾತಾಡಿದರೆ ಹೊರಗೆ ಕಳಿಸುತ್ತಿದ್ದವರು ನೀವೇ. ಆ ಅಭ್ಯಾಸ ಉಳಿದಿದೆ.

ಹಂತಗಳು:

ಒಂದು. ಮೆಸೇಜ್ ಮೆನುವಿನಲ್ಲಿ ಆ ಸಾಫ್ಟ್‌ವೇರ್ ತನ್ನದೇ ಒಂದು ಫೋಲ್ಡರ್ ಇಟ್ಟುಕೊಂಡಿದೆ. ಅದರಲ್ಲಿರುವ ಮೆಸೇಜ್ ಎಲ್ಲ ಅಳಿಸಿ. ಒಂದೂ ಉಳಿಯಬಾರದು.

ಎರಡು. ಸಾಫ್ಟ್‌ವೇರ್ ತೆರೆದು ಆಫ್ ಮಾಡಿ.

ಮೂರು. ಅಪ್ಲಿಕೇಶನ್ ಮ್ಯಾನೇಜರಿಗೆ ಹೋಗಿ, ಅದರ ಹೆಸರಿನ ಮೇಲೆ ನಿಂತು, ರಿಮೂವ್ ಒತ್ತಿ. ಎರಡು ಸಲ ಕೇಳುತ್ತದೆ, ಎರಡು ಸಲವೂ ಯೆಸ್.

ನಾಲ್ಕು. ಫೋನ್ ಆರಿಸಿ ಬ್ಯಾಟರಿ ತೆಗೆಯಿರಿ. ಹತ್ತು ಎಣಿಸಿ ಮತ್ತೆ ಹಾಕಿ.

ಐದು. ವೀರಯ್ಯನ ಕೈಲಿ ಒಂದು ‘ಆನೆ’ ಮೆಸೇಜ್ ಹಾಕಿಸಿ. ಎಲ್ಲ ಮೆಸೇಜ್ ಬರುವ ಕಡೆಗೇ ಅದೂ ಬಂದರೆ ಕೆಲಸ ಮುಗಿಯಿತು.

ಇದೇ ಕ್ರಮದಲ್ಲಿ ಮಾಡಿ. ಹಿಂದುಮುಂದು ಬೇಡ.

ನಿಮ್ಮ
ಸಾಲೇಹಾ


ಮಗ್ಗೆ
೪ ಡಿಸೆಂಬರ್ ೨೦೦೮

ಸಾಲೇಹಾ,

ನಿನ್ನೆ ಮಧ್ಯಾಹ್ನ ಲೈಬ್ರರಿ ಮುಚ್ಚಿ ಕೆಲಸಕ್ಕೆ ಕುಳಿತೆ. ಎರಡರಿಂದ ನಾಲ್ಕರವರೆಗೆ ನೀನು ಬರೆದಂತೆಯೇ ನಡೆಯಿತು. ರಿಮೂವ್ ಒತ್ತಿದಾಗ ಎರಡು ಸಲವಲ್ಲ, ಮೂರು ಸಲ ಕೇಳಿತು. ಮೂರನೆಯದು ಇಂಗ್ಲಿಷಿನಲ್ಲಿ ಉದ್ದವಾಗಿತ್ತು, ಓದಿ ಮುಗಿಸುವ ಮೊದಲೇ ಪರದೆ ಆರಿಹೋಯಿತು. ಯೆಸ್ ಒತ್ತಿದೆ. ಮೆನುವಿನಲ್ಲಿ ಅದರ ಚಿತ್ರ ಈಗ ಇಲ್ಲ.

ಪರೀಕ್ಷೆಯನ್ನೂ ಮಾಡಿದೆ. ಪಕ್ಕದ ಮನೆಯ ಗಂಗಾಮಣಿಯಿಂದ ‘ಹಲೋ’ ಎಂದು ಒಂದು ಮೆಸೇಜ್ ಹಾಕಿಸಿದೆ. ಸರಿಯಾಗಿ ಬಂತು. ‘ಆನೆ’ ಎಂದು ಹಾಕಿಸಲಿಲ್ಲ. ಪಟಾಕಿಯ ದಿನ ಒಮ್ಮೆ ಸಾಕು.

ವೀರಯ್ಯ ಮೊನ್ನೆ ಸಂತೆಗೆ ಬಂದಾಗ ಹೇಳಿದ್ದೇನೆ. ಅವನ ನಂಬರೂ ಆ ಮೂವತ್ತಾರರಲ್ಲಿ ಇದ್ದುದರಿಂದ ಅವನು ಕಳಿಸಿದ್ದು ಅವನಿಗೇ ತಿರುಗಿ ಬರುತ್ತಿತ್ತು. ಅದನ್ನು ಕಂಡರೆ ಸುದ್ದಿ ಮುಟ್ಟಿತು ಎಂದು ಅವನ ಲೆಕ್ಕ. ಇನ್ನು ಮೇಲೆ ತಿರುಗಿ ಬರುವುದಿಲ್ಲ, ಗಾಬರಿಯಾಗಬೇಡ ಎಂದೆ. “ಆಯ್ತು ಬುಡವ್ವ, ನಾ ಬೀಜ ಬಿತ್ತಿದ್ನಾ, ಮೊಳಕೆ ಬಂತಾ ನೋಡೋಕೆ?” ಎಂದ.

ಇಂದ್ರಮ್ಮ


ಸಕಲೇಶಪುರ
೧೨ ಡಿಸೆಂಬರ್ ೨೦೦೮

ಇಂದ್ರಕ್ಕ,

ಮುಗಿಯಿತಲ್ಲ, ಸಮಾಧಾನ. ಬಕ್ರೀದಿಗೆ ಅಂಗಡಿ ಎರಡು ದಿನ ಮುಚ್ಚಿದ್ದೆ, ಅದಕ್ಕೇ ಉತ್ತರ ತಡ. ಮೂರನೆಯ ಸಲ ಏನು ಕೇಳಿತು ಎಂದು ನೆನಪಾದರೆ ಬರೆಯಿರಿ. ಸಾಮಾನ್ಯವಾಗಿ ಕೇಳುವುದಿಲ್ಲ. ಇವರ ಕೈಯಲ್ಲಿ ಬಿರಿಯಾನಿ ಕಳಿಸೋಣವೆಂದರೆ ನೀವು ಮುಟ್ಟುವವರಲ್ಲ, ಆದ್ದರಿಂದ ಶ್ಯಾವಿಗೆಯ ಶೀರ್‌ಕುರ್ಮಾ. ಡಬ್ಬಿ ವಾಪಸು ಕೊಡಿ, ಪುಸ್ತಕದ ಹಾಗೆ ದಂಡ ಹಾಕುತ್ತೇನೆ.

ಸಾಲೇಹಾ


ಮಗ್ಗೆ
೧೦ ಜನವರಿ ೨೦೦೯

ಸಾಲೇಹಾ,

ಡಬ್ಬಿ ತೊಳೆದು ಕೊಟ್ಟಿದ್ದೇನೆ. ದಂಡದ ಮಾತು ಎತ್ತುವವಳು ಎಂಬತ್ತೊಂಬತ್ತರಲ್ಲಿ ಒಯ್ದ ರಷ್ಯನ್ ಕಾದಂಬರಿಯನ್ನು ಮೊದಲು ಹಿಂದಿರುಗಿಸಲಿ.

ಮೂರನೆಯ ಪ್ರಶ್ನೆ ನೆನಪಿಲ್ಲ.

ಇಲ್ಲಿ ಐದು ವಾರದಿಂದ ಫೋನು ಮೌನವಾಗಿದೆ. ಆನೆಗಳು ಬಿಸಿಲೆ ಕಾಡಿನ ಕಡೆಗೆ ಇಳಿದಿವೆ ಎನ್ನುತ್ತಾರೆ. ಅರೇಬಿಕಾ ಕುಯ್ಲು ಇಷ್ಟು ಸಲೀಸಾಗಿ ನಡೆದ ವರ್ಷವೇ ಇಲ್ಲ ಎಂದು ಪ್ರತಾಪ್ ಲೈಬ್ರರಿಗೆ ಬಂದು ಹೇಳಿದರು, ಹೊಗಳುವುದು ಅವರಿಗೆ ಅಷ್ಟು ಸುಲಭವಲ್ಲ. ಕಿಟಕಿಯ ಹತ್ತಿರ ನಿಂತು ಹಾಕುವ ಒಗ್ಗರಣೆ ಈಗ ಸೀಯುವುದಿಲ್ಲ.

ಕರೇಹಳ್ಳದ ಕೆಳಗೆ ಹಸಿ ಲದ್ದಿ ನೋಡಿದೆ ಎಂದು ನಂಜುಂಡ ಮೇಸ್ತ್ರಿ ಮೊನ್ನೆ ಹೇಳುತ್ತಿದ್ದ. ಸುದ್ದಿ ಬಂದಿಲ್ಲವಲ್ಲ, ಹಳೆಯದಿರಬೇಕು, ಇಬ್ಬನಿಗೆ ಹಸಿಯಾಗಿ ಕಾಣುತ್ತದೆ ಎಂದೆ.

ಇಂದ್ರಮ್ಮ


ಮಗ್ಗೆ
೧೯ ಜನವರಿ ೨೦೦೯

ಸಾಲೇಹಾ,

ಖಲಂದರ್ ಹೇಳಿರಬಹುದು. ಶನಿವಾರ, ಹದಿನೇಳನೆಯ ತಾರೀಖು, ಬೆಳಿಗ್ಗೆ ಎಂಟೂಕಾಲಿಗೆ ಕರೇಹಳ್ಳದ ಬಸರಿಮರದ ಹತ್ತಿರ ಮರಿಯಿದ್ದ ಹೆಣ್ಣಾನೆಯೊಂದು ಕುಯ್ಲಿನವರ ಮೇಲೆ ಬಿತ್ತು. ಉಳಿದವರು ತಪ್ಪಿಸಿಕೊಂಡರು. ಲೈನಿನ ಭೂತಮ್ಮನಿಗೆ ಓಡಲು ಆಗಲಿಲ್ಲ, ಸೊಂಟಕ್ಕೆ ಕುಯ್ಲಿನ ಬುಟ್ಟಿ ಕಟ್ಟಿತ್ತು. ಎಡಗಾಲು ಎರಡು ಕಡೆ ಮುರಿದಿದೆ, ಸೊಂಟದ ಮೂಳೆಗೂ ಏಟು. ಹಾಸನದ ಆಸ್ಪತ್ರೆಯಲ್ಲಿದ್ದಾಳೆ. ಜೀವಕ್ಕೆ ಅಪಾಯವಿಲ್ಲ ಎಂದಿದ್ದಾರೆ. ನಡೆಯುವ ಮಾತು ಯಾರೂ ಎತ್ತುತ್ತಿಲ್ಲ.

ಫೋನಿಗೆ ಯಾವ ಸುದ್ದಿಯೂ ಬಂದಿರಲಿಲ್ಲ. ನಾನು ಆರು ಗಂಟೆಯಿಂದ ಅಡುಗೆಮನೆಯಲ್ಲೇ ಇದ್ದೆ.

ವೀರಯ್ಯ ಕಳಿಸಿದೆ ಎನ್ನುತ್ತಾನೆ. ಅವನ ಫೋನು ಕಳಿಸಿದ್ದನ್ನು ಉಳಿಸಿಕೊಳ್ಳುವ ಫೋನಲ್ಲ, ತೋರಿಸಲು ಅವನ ಹತ್ತಿರ ಏನೂ ಇಲ್ಲ. ನಿನ್ನೆ ಭಾನುವಾರ ಲೈಬ್ರರಿಯ ಜಗಲಿಯಲ್ಲಿ ಎಲ್ಲ ಸೇರಿದ್ದರು. ಪ್ರತಾಪ್ ಅವನನ್ನು ಎದುರಿಗೆ ನಿಲ್ಲಿಸಿಕೊಂಡು ಕೇಳಿದರು.

“ಎಷ್ಟೊತ್ತಿಗೆ ಎದ್ದೆ ನೀನು?”

“ಐದಕ್ಕೇ ಎದ್ನಲ್ಲ.”

“ಎದ್ದಿದ್ರೆ ಸುದ್ದಿ ಬರ್ತಿರ್ನಿಲ್ವಾ? ಹಬ್ಬದ್ದು ಇನ್ನೂ ಇಳ್ದಿರ್ನಿಲ್ಲ, ಕುಡ್ದು ಮಲ್ಗ್‌ಬುಟ್ಟಿದ್ದೆ ಅಂತ ಹೇಳ್ಬುಡು ಮಾರಾಯ, ಇಲ್ಲಿಗೆ ಬುಟ್ಬುಡ್ತೀವಿ.”

“ಕುಡ್ದಿರ್ನಿಲ್ಲ. ಕಳಿಸ್ದೆ ಕಣ್ರಪ್ಪ. ಅವ್ವಾರ್ನೇ ಕೇಳಿ.”

ಎಲ್ಲರೂ ನನ್ನ ಕಡೆ ತಿರುಗಿದರು. ಬಂದಿಲ್ಲ ಎಂದೆ. ಅದು ನಿಜವಾಗಿತ್ತು.

ಅವನನ್ನು ಕೆಲಸದಿಂದ ಬಿಡಿಸಿದ್ದಾರೆ. ಈಗ ಪ್ರತಾಪ್ ತಾವೇ ಬೆಳಿಗ್ಗೆ ಜೀಪಿನಲ್ಲಿ ಒಂದು ಸುತ್ತು ಹೋಗಿ ಬರುತ್ತಾರೆ, ಆನೆಗಳು ಜೀಪಿನ ರಸ್ತೆಯಲ್ಲೇ ನಿಲ್ಲಬೇಕೆಂಬ ನಿಯಮ ಇದ್ದ ಹಾಗೆ.

ಇಂದ್ರಮ್ಮ


ಸಕಲೇಶಪುರ
೨೧ ಜನವರಿ ೨೦೦೯

ಇಂದ್ರಕ್ಕ,

ಇವರು ಹೇಳಿದರು. ಭೂತಮ್ಮನನ್ನು ನಾನು ಬಲ್ಲೆ. ನಮ್ಮ ಅಬ್ಬನ ಕಾಫಿ ಕಣದಲ್ಲಿ ಅವರ ತಾಯಿ ಕೆಲಸಕ್ಕೆ ಬರುತ್ತಿದ್ದರು.

ಒಂದು ಪ್ರಶ್ನೆ. ಸಿಟ್ಟಾಗಬೇಡಿ. ಮೊದಲನೆಯ ಹಂತ ಮಾಡಿದಿರಲ್ಲ?

ಕಾರಣವನ್ನು ಆಗಲೇ ಬರೆಯಬೇಕಿತ್ತು, ಬರೆಯಲಿಲ್ಲ. ಆ ಸಾಫ್ಟ್‌ವೇರ್‌ನಲ್ಲಿ ಎರಡು ಭಾಗ ಇವೆ. ಒಂದು ಮೆನುವಿನಲ್ಲಿ ನಿಮಗೆ ಕಾಣುವ ಮುಖ. ಇನ್ನೊಂದು ಒಳಗೆ ಕೂತು, ಬರುವ ಮೆಸೇಜನ್ನು ಹಿಡಿಯುವ ಕೈ. ಫೋಲ್ಡರಿನಲ್ಲಿ ಒಂದೇ ಒಂದು ಮೆಸೇಜ್ ಉಳಿದಿದ್ದರೂ ಕೈಗೆ ಇನ್ನೂ ಕೆಲಸ ಇದೆ ಎಂದು ಫೋನು ತಿಳಿಯುತ್ತದೆ. ಕೈಯನ್ನು ಬಿಟ್ಟು ಮುಖವನ್ನು ಮಾತ್ರ ತೆಗೆಯುತ್ತದೆ. ಆಫ್ ಮಾಡಿದರೆ ಮುಂದಕ್ಕೆ ಕಳಿಸುವುದು ನಿಲ್ಲುತ್ತದೆ, ಹಿಡಿಯುವುದು ನಿಲ್ಲುವುದಿಲ್ಲ. ಆಗ ‘ಆನೆ’ ಎಂದು ಬಂದದ್ದು ಸದ್ದಿಲ್ಲದೆ ಒಳಗೆ ಹೋಗುತ್ತದೆ. ತೋರಿಸುವ ಮುಖ ಇಲ್ಲದ್ದರಿಂದ ಯಾರಿಗೂ ಕಾಣುವುದಿಲ್ಲ. ‘ಹಲೋ’ ಎಂದದ್ದು ಮಾತ್ರ ಎಂದಿನಂತೆ ಬರುತ್ತದೆ.

ಮೂರನೆಯ ಸಲ ಅದು ಕೇಳಿದ್ದು ಇದನ್ನೇ ಇರಬೇಕು.

ಸಾಲೇಹಾ


ಮಗ್ಗೆ
೨೪ ಜನವರಿ ೨೦೦೯

ಸಾಲೇಹಾ,

ನಿನ್ನ ಕಾಗದ ಸಿಕ್ಕಿತು. ವಿವರಣೆ ಸ್ಪಷ್ಟವಾಗಿದೆ.

ರೊಬಸ್ಟಾ ಹಣ್ಣಾಗುತ್ತಿದೆ. ಬರುವ ವಾರ ಮತ್ತೆ ಕುಯ್ಲು. ಲೈನಿನ ಹೆಂಗಸರು ಕರೇಹಳ್ಳದ ಭಾಗಕ್ಕೆ ಇಳಿಯುವುದಿಲ್ಲ ಎಂದು ಕೂತಿದ್ದಾರೆ. ವೀರಯ್ಯ ನೋಡಿ ಹೇಳಿದರೆ ಇಳಿಯುತ್ತಿದ್ದೆವು, ಜೀಪು ಹೇಳಿದರೆ ಇಳಿಯುವುದಿಲ್ಲ ಎಂದು ಅವರಲ್ಲೊಬ್ಬಳು ಅಂದಳಂತೆ. ಆ ಭಾನುವಾರ ಜಗಲಿಯಲ್ಲಿ ಅವನನ್ನು ಬಯ್ದವಳೂ ಅವಳೇ.

ಲೈಬ್ರರಿಗೆ ಹೊಸ ಪುಸ್ತಕದ ಕಟ್ಟು ಬಂದಿದೆ. ಆರು ಅನುವಾದಗಳಿವೆ. ಇನ್ನೂ ಬಿಚ್ಚಿಲ್ಲ.

ಇಂದ್ರಮ್ಮ


ಸಕಲೇಶಪುರ
೨೮ ಜನವರಿ ೨೦೦೯

ಇಂದ್ರಕ್ಕ,

ನಾನು ಕೇಳಿದ್ದು ಒಂದು. ನೀವು ಬರೆದದ್ದು ರೊಬಸ್ಟಾ.

ನಾನು ಹತ್ತು ವರ್ಷದವಳಿದ್ದಾಗ, ಪುಸ್ತಕದ ಪುಟ ಹರಿದದ್ದು ನಾನೇ ಅಲ್ಲವೇ ಎಂದು ನೀವು ಕೇಳಿದಿರಿ. ಆವತ್ತು ನಾನು ‘ಮಳೆ ಬರುತ್ತೆ ಅಂತ ಕಾಣುತ್ತೆ ಅಕ್ಕ’ ಎಂದಿದ್ದೆ. ನೀವು ಏನೂ ಅನ್ನದೆ ಬಾಗಿಲು ಮುಚ್ಚುವವರೆಗೂ ನನ್ನನ್ನು ಎದುರಿಗೆ ಕೂರಿಸಿಕೊಂಡಿರಿ. ಈಗ ನಾನು ಅಲ್ಲಿಗೆ ಬಂದು ಹಾಗೆ ಕೂರಲಾರೆ, ಅಂಗಡಿ ಇದೆ. ಕಾಗದದಲ್ಲೇ ಕೂತಿದ್ದೇನೆ ಎಂದುಕೊಳ್ಳಿ.

ಮೆಸೇಜ್ ಮೆನು ತೆರೆಯಿರಿ. ಆ ಫೋಲ್ಡರಿನ ಹೆಸರು ಇನ್ನೂ ಇದೆಯೇ ನೋಡಿ. ಇದ್ದರೆ ಅದರ ಮುಂದೆ ಒಂದು ಸಂಖ್ಯೆ ಇರುತ್ತದೆ. ಸಂಖ್ಯೆ ಮಾತ್ರ ಬರೆದು ಕಳಿಸಿ. ಬೇರೇನೂ ಬರೆಯದಿದ್ದರೂ ಆದೀತು.

ಸಾಲೇಹಾ


ಮಗ್ಗೆ
೫ ಫೆಬ್ರವರಿ ೨೦೦೯

ಸಾಲೇಹಾ,

ಇನ್ನೂರ ಇಪ್ಪತ್ತೊಂದು.

ಡಿಸೆಂಬರ್ ಮೂರರಂದು ಇನ್ನೂರ ಹನ್ನೆರಡು ಇತ್ತು. ಆ ದಿನ ಬರೆದಿಟ್ಟುಕೊಂಡಿದ್ದೇನೆ.

ಮೊದಲನೆಯ ಹಂತ ನಾನು ಮಾಡಲಿಲ್ಲ. ನಿನ್ನ ಕಾಗದದಲ್ಲಿ ಅಳಿಸಿ ಎಂದಿತ್ತು. ಅಲ್ಲಿದ್ದದ್ದು, ನಿನ್ನ ಪಟಾಕಿಯ ಮೆಸೇಜೊಂದನ್ನು ಬಿಟ್ಟರೆ, ಎಲ್ಲ ಎರಡು ವರ್ಷ ವೀರಯ್ಯ ಕಾಡಂಚಿನಲ್ಲಿ ನಿಂತು ಕಳಿಸಿದ ಸುದ್ದಿ. ಯಾವ ದಿನ, ಎಷ್ಟು ಆನೆ, ಯಾವ ಹಳ್ಳ. ಹಾಗೆ ಬೇರೆ ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ. ಮೂವತ್ತು ವರ್ಷದಲ್ಲಿ ಗೆದ್ದಲು ತಿಂದ ಪುಸ್ತಕವನ್ನೂ ನಾನು ರದ್ದು ವಹಿಯಲ್ಲಿ ನಮೂದಿಸದೆ, ಸಮಿತಿಯವರ ಸಹಿ ಹಾಕಿಸದೆ ಹೊರಗೆ ಹಾಕಿದವಳಲ್ಲ. ನಕಲು ಮಾಡಿಕೊಂಡು ಆಮೇಲೆ ಅಳಿಸೋಣ ಎಂದು ಕುಳಿತೆ. ಅರವತ್ತನಾಲ್ಕನೆಯದರ ಹೊತ್ತಿಗೆ ಕಣ್ಣು ಸೋತವು. ಉಳಿದದ್ದು ಇರಲಿ, ಒಳಗೇ ಇರುತ್ತದಲ್ಲ ಎಂದು ಎರಡನೆಯ ಹಂತಕ್ಕೆ ಹೋದೆ. ತೆಗೆದ ಮೇಲೆ ಫೋಲ್ಡರಿನ ಹೆಸರು ಉಳಿದಿತ್ತು, ಒತ್ತಿದರೆ ತೆರೆಯಲಿಲ್ಲ. ಕೀಲಿಕೈ ಕಳೆದ ಬೀರು, ಪುಸ್ತಕವಂತೂ ಭದ್ರ ಎಂದುಕೊಂಡೆ. ಆ ಬೀರು ಹೊಸದನ್ನೂ ಒಳಗೆ ಎಳೆದುಕೊಳ್ಳುತ್ತದೆ ಎಂದು ನನಗೆ ಹೊಳೆಯಲಿಲ್ಲ. ಐದನೆಯ ಹಂತವನ್ನೂ ನೀನು ಹೇಳಿದಂತೆ ಮಾಡಲಿಲ್ಲ. ಎರಡನ್ನೂ ಸೇರಿಸಿ ನೋಡಿದರೆ, ನಿನ್ನ ಐದರಲ್ಲಿ ಮೂರನ್ನು ಮಾಡಿ ಆಯಿತು ಎಂದು ಬರೆದಿದ್ದೇನೆ.

ನಿನ್ನ ಇಪ್ಪತ್ತೊಂದನೆಯ ತಾರೀಖಿನ ಕಾಗದ ಓದಿದ ಕೂಡಲೇ ಇದು ನನಗೆ ಗೊತ್ತಾಯಿತು. ಮೆನು ತೆರೆದು ಸಂಖ್ಯೆ ನೋಡಲು ಧೈರ್ಯ ಬರಲಿಲ್ಲ. ಹದಿನೈದು ದಿನ ಆ ಕಿಟಕಿಯ ಬಳಿಯೇ ಅನ್ನ ಮಾಡಿಕೊಂಡಿದ್ದೇನೆ.

ಇವತ್ತು ನೋಡಿದ್ದು ಬೇರೆ ಕಾರಣಕ್ಕೆ. ನಿನ್ನೆ ಬಸ್ಸಿನಲ್ಲಿ ಹಾಸನಕ್ಕೆ ಹೋಗಿದ್ದೆ. ಭೂತಮ್ಮನ ಮಂಚದ ಪಕ್ಕದಲ್ಲಿ ವೀರಯ್ಯ ಕುಳಿತಿದ್ದ. ಕಿತ್ತಳೆ ತಂದಿದ್ದ, ಸುಲಿದು ಒಂದೊಂದೇ ತೊಳೆ ಕೊಡುತ್ತಿದ್ದ. ನನ್ನನ್ನು ಕಂಡು ಎದ್ದುನಿಂತ.

“ಕಳಿಸ್ದೆ ಅಂತ್ಲೇ ಅನ್ಕೊಂಡಿದ್ದೆ ಕಣವ್ವ. ಈಗ ಯೋಚ್ನೆ ಮಾಡುದ್ರೆ, ಬಟನ್ ಒತ್ನೋ ಇಲ್ವೋ. ಬೆರಳು ದಪ್ಪ ನಂದು. ನಂದೇ ತಪ್ಪಿರ್ಬೇಕು ಅಂತ ಇವ್ಳಿಗೂ ಹೇಳ್ದೆ.”

ಭೂತಮ್ಮ, “ಸುಮ್ಕಿರೋ, ಬೆಳಗಿಂದ ಅದ್ನೇ ಹೇಳ್ತಾ ಕುಂತವ್ನೆ. ಆನೆ ಏನ್ ನಿನ್ ಮನೇದಾ? ಕೊಡು ಇನ್ನೊಂದ್ ತೊಳೆ” ಎಂದಳು.

ಅವನು ಐದಕ್ಕೆ ಎದ್ದದ್ದನ್ನೂ, ಕುಡಿಯದೇ ಇದ್ದದ್ದನ್ನೂ ಈಗ ಅವನೇ ಅನುಮಾನಿಸುತ್ತಿದ್ದಾನೆ. ನಾನು ಕಿತ್ತಳೆ ಸಿಪ್ಪೆ ಎತ್ತಿ ಹೊರಗೆ ಹಾಕಿ ಬಂದೆ.

ಆ ಒಂಬತ್ತನ್ನು ನೋಡಬೇಕು. ದಾರಿ ಇದೆಯೇ?

ಇಂದ್ರಮ್ಮ


ಸಕಲೇಶಪುರ
೮ ಫೆಬ್ರವರಿ ೨೦೦೯

ಅಕ್ಕ,

ದಾರಿ ಇದೆ. ಇವರ ಕೈಯಲ್ಲಿ ಒಂದು ಮೆಮೊರಿ ಕಾರ್ಡ್ ಕಳಿಸಿದ್ದೇನೆ. ಅದರಲ್ಲಿ ಅದೇ ಸಾಫ್ಟ್‌ವೇರ್, ಅದೇ ಹಳೆಯದು. ಇದ್ದದ್ದರ ಮೇಲೆಯೇ ಮತ್ತೆ ಹಾಕಿದರೆ ಮುಖ ತಿರುಗಿ ಬರುತ್ತದೆ, ಫೋಲ್ಡರ್ ತೆರೆಯುತ್ತದೆ. ತೆರೆದ ಕೂಡಲೇ ಮೊದಲು ಆಫ್ ಮಾಡಿ, ಇಲ್ಲದಿದ್ದರೆ ಇನ್ನೂರ ಇಪ್ಪತ್ತೊಂದೂ ಮೂವತ್ತಾರು ಜನರಿಗೆ ಹೋಗಿ, ಮಗ್ಗೆಯಲ್ಲಿ ಪಟಾಕಿ ಸಾಲುವುದಿಲ್ಲ.

ಆಮೇಲೆ ಕಷ್ಟದ ಮಾತು. ಇದನ್ನು ಸರಿಯಾಗಿ ತೆಗೆಯಬೇಕಾದರೆ ಫೋಲ್ಡರ್ ಖಾಲಿಯಾಗಲೇಬೇಕು, ಆ ಒಂಬತ್ತೂ ಸೇರಿ. ಬೇರೆ ಕಡೆಗೆ ಸರಿಸಲು ಅದು ಬಿಡುವುದಿಲ್ಲ, ನಾನು ಇಲ್ಲಿ ಎರಡು ದಿನ ಬೇರೆ ಫೋನಿನಲ್ಲಿ ಹಾಕಿ ನೋಡಿದೆ. ವೀರಯ್ಯ ಕಳಿಸಿದ್ದ ಎನ್ನುವುದಕ್ಕೆ ಸಾಕ್ಷಿ ಇರುವುದು ಅಲ್ಲಿ ಮಾತ್ರ. ಅದನ್ನು ಉಳಿಸಿದರೆ ಕೈ ಉಳಿಯುತ್ತದೆ. ಕೈ ಉಳಿದರೆ ನಾಳೆ ಮತ್ತೆ ಯಾರದೋ ಸುದ್ದಿ ಒಳಗೆ ಹೋಗುತ್ತದೆ. ಬೇರೆ ಪದದಿಂದ ಶುರು ಮಾಡಿ ಎಂದು ಎಲ್ಲರಿಗೂ ಹೇಳಬಹುದು, ಇವರ ಹತ್ತಿರ ಹಾಗೇ ಅಂದೆ. “ಆನೆ ಕಂಡೋನು ಮೊದ್ಲು ಆನೆ ಅಂತ್ಲೇ ಬರೆಯೋದು ಕಣೇ, ಹಾವು ಅಂತ ಬರೀತಾನಾ?” ಎಂದರು.

ತಪ್ಪು ನನ್ನದೂ ಇದೆ. ಕಾರಣ ಹೇಳದೆ ಕೊಟ್ಟ ಸೂಚನೆಯನ್ನು ನೀವು ಎಂದೂ ಪಾಲಿಸಿದವರಲ್ಲ, ಅದು ಗೊತ್ತಿದ್ದೂ ಐದು ಸಾಲು ಗೀಚಿ ಕಳಿಸಿದೆ. ಯಾರಿಗಾದರೂ ಹೇಳುವುದಾದರೆ ಅಂಗಡಿಯವಳು ಸರಿಯಾಗಿ ಬರೆದುಕೊಟ್ಟಿರಲಿಲ್ಲ ಎನ್ನಿ. ನಾನು ಇಲ್ಲ ಎನ್ನುವುದಿಲ್ಲ.

ಸಾಲೇಹಾ


ಮಗ್ಗೆ
೧೩ ಫೆಬ್ರವರಿ ೨೦೦೯, ಶುಕ್ರವಾರ

ಸಾಲೇಹಾ,

ಕಾರ್ಡ್ ಹಾಕಿದೆ. ಮೊದಲು ಆಫ್ ಮಾಡಿದೆ. ಆಮೇಲೆ ತೆರೆದೆ.

ಒಂಬತ್ತೂ ವೀರಯ್ಯನವೇ. ಅವನು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಒತ್ತುತ್ತಾನೆ, ಆ ಅಕ್ಷರ ಕಲಿಸಿದವಳು ನಾನಾದ್ದರಿಂದ ಓದಲು ತೊಡಕಾಗಲಿಲ್ಲ. ಏಳನೆಯದು ಸಂಕ್ರಾಂತಿಯ ದಿನದ್ದು: “ಆನೆ ಇಲ್ಲ ಹಬ್ಬ ಮಾಡಿ.” ಎಂಟನೆಯದು ಹದಿನಾರರಂದು: “ಆನೆ ೨ ಅವ್ವ ಸುದ್ದಿ ಸಿಗ್ತಾ ಐತಾ.” ಒಂಬತ್ತನೆಯದು ಹದಿನೇಳು, ಶನಿವಾರ, ಬೆಳಿಗ್ಗೆ ಆರು ಐವತ್ತೆರಡು: “ಆನೆ ೩ ಕರೇಹಳ್ಳ ಬಸರಿಮರ ಮರಿ ಐತೆ ಯಾರೂ ಬ್ಯಾಡ.”

ಆರು ಐವತ್ತೆರಡಕ್ಕೆ ನಾನು ಆ ಫೋನಿನಿಂದ ಒಂದು ಮೊಳ ದೂರದಲ್ಲಿ ಅಕ್ಕಿ ತೊಳೆಯುತ್ತಿದ್ದೆ. ಇನ್ನೂ ಒಂದು ಗಂಟೆ ಇಪ್ಪತ್ತಮೂರು ನಿಮಿಷ ಇತ್ತು.

ಅಂಗಡಿಯವಳು ಎಂದು ಹೇಳುವುದಿಲ್ಲ. ನೀನು ಬರೆದದ್ದು ‘ಒಂದೂ ಉಳಿಯಬಾರದು’ ಎಂದು. ನಿನ್ನ ಕಾಗದ ನನ್ನ ಹತ್ತಿರ ಇದೆ. ನಾನು ಯಾವ ಕಾಗದವನ್ನೂ ಬಿಸಾಡುವುದಿಲ್ಲ, ಅದೇ ಇಷ್ಟಕ್ಕೆಲ್ಲ ಕಾರಣ.

ಮೂರು ದಿನ ಕುಳಿತು ಲೈಬ್ರರಿಯ ರದ್ದು ವಹಿಯಲ್ಲಿ ಇನ್ನೂರ ಇಪ್ಪತ್ತೊಂದನ್ನೂ ಬರೆದೆ. ಕ್ರಮಸಂಖ್ಯೆ, ತಾರೀಖು, ಹೊತ್ತು, ಒಕ್ಕಣೆ. ಒಂದು ಅಕ್ಷರ ತಿದ್ದಿಲ್ಲ, ಅವನ ತಪ್ಪುಗಳನ್ನೂ ಹಾಗೇ ಇಟ್ಟಿದ್ದೇನೆ. ಪುಸ್ತಕ ಅಲ್ಲದ್ದನ್ನು ಆ ವಹಿಯಲ್ಲಿ ಬರೆಯುವ ಅಧಿಕಾರ ನನಗಿಲ್ಲ. ಮೇಲಿನವರು ಕೇಳಿದರೆ ಆಗ ನೋಡೋಣ.

ನಾಡಿದ್ದು ಭಾನುವಾರ ಹತ್ತು ಗಂಟೆಗೆ ಮೂವತ್ತಾರು ಜನರನ್ನೂ ಲೈಬ್ರರಿಯ ಜಗಲಿಗೆ ಕರೆದಿದ್ದೇನೆ. ಮೆಸೇಜ್ ಕಳಿಸಿ ಅಲ್ಲ, ನಂಜುಂಡ ಮೇಸ್ತ್ರಿ ಮನೆಮನೆಗೆ ಹೋಗಿ ಹೇಳಿ ಬಂದಿದ್ದಾನೆ. “ಏನ್ ವಿಸ್ಯ ಅಂತ ಕೇಳುದ್ರೆ ಏನನ್ಲಿ?” ಎಂದ. ಪುಸ್ತಕ ರದ್ದು ಮಾಡುವ ಸಭೆ ಎಂದು ಹೇಳಿಸಿದೆ. ಪ್ರತಾಪ್ ಬರುತ್ತಾರೆ. ವೀರಯ್ಯನನ್ನು ಕರೆತರಲು ಖಲಂದರ್ ಒಪ್ಪಿದ್ದಾನೆ. ಅವನಿಗೆ ಕಾರಣ ಹೇಳಿಲ್ಲ, ನೀನೂ ಹೇಳಬೇಡ.

ಫೋನನ್ನು ಕಿಟಕಿಯಿಂದ ತೆಗೆದು ಮೇಜಿನ ಮೇಲೆ ಇಡುತ್ತೇನೆ. ಬಂದವರೆಲ್ಲ ಅವರವರ ಕಣ್ಣಿನಿಂದ ಒಂಬತ್ತನೆಯದನ್ನು ಓದಲಿ, ಓದಿದ್ದೇವೆ ಎಂದು ವಹಿಯಲ್ಲಿ ಸಹಿ ಹಾಕಲಿ. ಪ್ರತಾಪ್ ಸಹಿ ಮೊದಲು. ಆಮೇಲೆ ವೀರಯ್ಯನನ್ನು ಬೆಳಗಿನ ಸುತ್ತಿಗೆ ಮತ್ತೆ ಕರೆಯುವ ಮಾತು ಅವರ ಬಾಯಿಂದಲೇ ಬರಬೇಕು. ಬರದಿದ್ದರೆ ನಾನು ಎತ್ತುತ್ತೇನೆ.

ರದ್ದು ವಹಿಯಲ್ಲಿ ಕೊನೆಯ ಕಾಲಂ ಒಂದಿದೆ, ‘ನಷ್ಟಕ್ಕೆ ಕಾರಣ’ ಎಂದು. ಗೆದ್ದಲು, ಮಳೆನೀರು, ಓದುಗರಿಂದ ಹಿಂದಿರುಗಿಲ್ಲ, ಇಷ್ಟೇ ಮೂವತ್ತು ವರ್ಷದಿಂದ ಅಲ್ಲಿ ಬರೆದಿದ್ದೇನೆ. ಒಂಬತ್ತು ಸಾಲಿನ ಮುಂದೆ ಅದನ್ನು ಖಾಲಿ ಬಿಟ್ಟಿದ್ದೇನೆ. ಭಾನುವಾರ ಅವರೆಲ್ಲ ನೋಡುತ್ತಿರುವಾಗ, ವೀರಯ್ಯ ಎದುರಿಗೆ ಕುಳಿತಿರುವಾಗ, ಅಲ್ಲಿ ನನ್ನ ಹೆಸರು ಬರೆಯುತ್ತೇನೆ.

ಅದಾದ ಮೇಲೆ ನಿನ್ನ ಮೊದಲನೆಯ ಹಂತ.

ಇಂದ್ರಮ್ಮ